ಎಸ್‌ಪಿಎಫ್, ಡಿಕಿಮ್, ಡಿಮಾರ್ಕ್ ಎಲ್ಲಾ ಬಂತು, ಆದ್ರೂ ಸ್ಪ್ಯಾಮ್ ಯಾಕೆ ನಿಂತಿಲ್ಲ? ಕಂಪನಿಗಳು ಒಟ್ಟಿಗೆ ಕೂತು ಏನ್ ಮಾಡ್ತಿವೆ?

ನೀಲಿಲಕೋಟೆ:
ಎಲ್ರಿಗೂ ನಮಸ್ಕಾರ. ನಮ್ಮದು ಸಣ್ಣ ಸಂಸ್ಥೆ, ಸದಸ್ಯರಿಗೆ ತಿಂಗಳ ಪತ್ರ, ಸಭೆ ನೋಟಿಸು, ರಸೀದಿ, ಇಷ್ಟೇ ಮೇಲ್ ಹೋಗೋದು, ಅದನ್ನ ನೋಡ್ಕೊಳ್ಳೋದು ನಾನು. ಮೇಲ್ ನಿಜಕ್ಕೂ ನಮ್ಮಿಂದಲೇ ಬಂದಿದ್ಯಾ ಅಂತ ಪರೀಕ್ಷೆ ಮಾಡೋಕೆ ಎಸ್‌ಪಿಎಫ್ ಇದೆ, ಡಿಕಿಮ್ ಇದೆ, ಡಿಮಾರ್ಕ್ ಕೂಡ ಹಾಕಿದೀವಿ. ಆದ್ರೂ ನಮ್ಮ ಹೆಸರಲ್ಲೇ ಯಾರೋ ಸದಸ್ಯರಿಗೆ "ಬಾಕಿ ಇದೆ, ಇವತ್ತೇ ಕಟ್ಟಿ" ಅಂತ ಮೇಲ್ ಕಳಿಸ್ತಿದಾರೆ. ಒಬ್ಬರು ಹಿರಿಯರು ನಂಬಿ ದುಡ್ಡೂ ಕಟ್ಟಿಬಿಟ್ರು, ಆಮೇಲೆ ಫೋನ್ ಮಾಡಿ "ನಿಮ್ಮ ಅಡ್ರೆಸ್‌ನಿಂದಲೇ ಬಂದಿತ್ತಲ್ಲಪ್ಪಾ" ಅಂದ್ರು, ನನಗೆ ಏನ್ ಹೇಳ್ಬೇಕೋ ಗೊತ್ತಾಗ್ಲಿಲ್ಲ. ಇಪ್ಪತ್ತು ವರ್ಷದಿಂದ ದೊಡ್ಡ ದೊಡ್ಡ ಕಂಪನಿಗಳು ಸೇರ್ಕೊಂಡು ಸ್ಪ್ಯಾಮ್ ವಿರುದ್ಧ ಕೆಲಸ ಮಾಡ್ತಿವೆ ಅಂತ ಓದ್ತಾನೇ ಇರ್ತೀವಿ. ನಿಜಕ್ಕೂ ಏನ್ ಮಾಡ್ತಿವೆ, ಅದರಿಂದ ನಮ್ಮಂಥವರಿಗೆ ಏನಾದ್ರೂ ಸಿಕ್ಕಿದ್ಯಾ? ಗೊತ್ತಿರೋರು ದಯವಿಟ್ಟು ಬಿಡಿಸಿ ಹೇಳಿ.

ದೂರುಪೆಟ್ಟಿಗೆ:
ನಾನು ಒಂದು ಹೋಸ್ಟಿಂಗ್ ಕಂಪನಿಯ ಅಬ್ಯೂಸ್ ಡೆಸ್ಕಲ್ಲಿ ಕೆಲಸ ಮಾಡ್ತೀನಿ, ಅಂದ್ರೆ ನಿಮ್ಮ ಸರ್ವರಿಂದ ಸ್ಪ್ಯಾಮ್ ಬರ್ತಿದೆ, ನಿಮ್ಮಲ್ಲಿ ಪಾಸ್‌ವರ್ಡ್ ಕದಿಯೋ ಫಿಶಿಂಗ್ ಪೇಜ್ ಇದೆ ಅಂತ ಎಲ್ಲಾ ಕಡೆಯಿಂದ ಬರೋ ದೂರು ಓದಿ ಕ್ರಮ ತಗೊಳ್ಳೋ ಜಾಗ. ಮೊದ್ಲು ಒಂದು ಪ್ರಶ್ನೆ ಸರ್, ಡಿಮಾರ್ಕ್ ಪಾಲಿಸಿ ಯಾವುದಿದೆ? 'ನನ್' (none, ಅಂದ್ರೆ ಫೇಲ್ ಆದ ಮೇಲನ್ನ ಏನೂ ಮಾಡ್ಬೇಡಿ) ಅಂತ ಇದ್ರೆ ಅದು ಬರೀ ವರದಿ ಕಳಿಸಿ ಅಂತ ಕೇಳ್ಕೊಂಡ ಹಾಗೆ, ನಕಲಿ ಮೇಲನ್ನ ತಡೀರಿ ಅಂತ ನೀವು ಯಾರಿಗೂ ಹೇಳಿಲ್ಲ. ತುಂಬಾ ಜನ ಅಲ್ಲೇ ನಿಂತುಬಿಡ್ತಾರೆ, ನನಗೆ ನಿಜಕ್ಕೂ ಬೇಜಾರಾಗೋ ವಿಷಯ ಅದು.

ಹಿನ್ನೆಲೆ ಹೇಳ್ತೀನಿ. ಮೇಲ್ ಕಳಿಸೋ ಎಸ್‌ಎಂಟಿಪಿ ಅನ್ನೋ ಪ್ರೋಟೋಕಾಲ್ ಬಂದ ಕಾಲಕ್ಕೆ ನೆಟ್‌ನಲ್ಲಿ ಇದ್ದೋರೆಲ್ಲಾ ಪರಿಚಯದವರೇ, ಅದಕ್ಕೆ 'ಫ್ರಂ' ಜಾಗದಲ್ಲಿ ಯಾರ ಹೆಸರು ಬೇಕಾದ್ರೂ ಬರೀಬಹುದು, ಯಾರೂ ಕೇಳಲ್ಲ. ಆ ತೂತನ್ನ ಮುಚ್ಚೋಕೆ ಮೂರು ಹಂತ ಬೇಕಾಯ್ತು. ಎಸ್‌ಪಿಎಫ್ ಅಂದ್ರೆ ನಮ್ಮ ಡೊಮೇನ್ ಹೆಸರಲ್ಲಿ ಯಾವ್ಯಾವ ಸರ್ವರ್ ಕಳಿಸಬಹುದು ಅನ್ನೋ ಪಟ್ಟಿ, ಅದು 2006ರಲ್ಲಿ ಆರ್‌ಎಫ್‌ಸಿ, ಅಂದ್ರೆ ಎಲ್ರೂ ನೋಡಿ ಪಾಲಿಸೋ ಇಂಟರ್‌ನೆಟ್ ತಾಂತ್ರಿಕ ದಾಖಲೆ, ಆಯ್ತು. ಡಿಕಿಮ್ ಅಂದ್ರೆ ಮೇಲ್ ಮೇಲೆ ಡಿಜಿಟಲ್ ಸಹಿ, ಯಾಹೂದು ಒಂದು ಸಿಸ್ಟಮ್ ಇತ್ತು, ಸಿಸ್ಕೋದು ಇನ್ನೊಂದು, ಎರಡನ್ನೂ ಸೇರಿಸಿ 2007ರಲ್ಲಿ ಒಂದೇ ಮಾಡಿದ್ರು. ಆದ್ರೆ ಇವೆರಡೂ ನೋಡೋ ಡೊಮೇನ್ ಬೇರೆ, ಓದೋರ ಕಣ್ಣಿಗೆ ಕಾಣೋ 'ಫ್ರಂ' ಬೇರೆ. ಕಳ್ಳ ತನ್ನ ಡೊಮೇನಿಗೆ ಎಸ್‌ಪಿಎಫ್ ಸರಿಯಾಗೇ ಹಾಕ್ಕೊಂಡು 'ಫ್ರಂ' ಜಾಗದಲ್ಲಿ ನಿಮ್ಮ ಹೆಸರು ಬರೆದ್ರೆ ಎಸ್‌ಪಿಎಫ್ ಪಾಸ್ ಆಗಿಬಿಡುತ್ತೆ. ಪರೀಕ್ಷೆ ಆದ ಡೊಮೇನೂ 'ಫ್ರಂ'ನಲ್ಲಿರೋ ಡೊಮೇನೂ ಹೊಂದಬೇಕು, ಹೊಂದದಿದ್ರೆ ಏನ್ ಮಾಡ್ಬೇಕು ಅನ್ನೋದನ್ನ ಡೊಮೇನ್ ಮಾಲೀಕರೇ ಹೇಳಲಿ ಅಂತ ಬಂದಿದ್ದು ಡಿಮಾರ್ಕ್, 2012ರಲ್ಲಿ ಕಂಪನಿಗಳು ಸೇರಿ ಪ್ರಕಟಿಸಿದ್ರು, 2015ರಲ್ಲಿ ಆರ್‌ಎಫ್‌ಸಿ 7489 ಆಯ್ತು.

ಈ ಕೆಲಸ ಎಲ್ಲಾ ನಡೆದಿದ್ದು ಎಲ್ಲಿ ಅಂದ್ರೆ ನೀವು ಕೇಳಿದ ಹಾಗೆ "ಒಟ್ಟಿಗೆ ಕೂತು". 2004ರಲ್ಲಿ ಮೆಸೇಜಿಂಗ್ ಆ್ಯಂಟಿ ಅಬ್ಯೂಸ್ ವರ್ಕಿಂಗ್ ಗ್ರೂಪ್ ಅಂತ ಶುರುವಾಯ್ತು, ಆಮೇಲೆ ಮಾಲ್ವೇರ್, ಮೊಬೈಲ್ ಅಂತ ಎರಡು ಪದ ಸೇರ್ಕೊಂಡು ಹೆಸರು ಉದ್ದ ಆಯ್ತು, ನಾವೆಲ್ಲಾ ಮಾಗ್ ಅಂತೀವಿ. ಮೇಲ್‌ಬಾಕ್ಸ್ ಕೊಡೋರು, ಇಂಟರ್‌ನೆಟ್ ಕೊಡೋರು, ಲಕ್ಷಗಟ್ಟಲೆ ಮೇಲ್ ಕಳಿಸೋ ಕಂಪನಿಗಳು, ಸೆಕ್ಯುರಿಟಿಯವರು ಎಲ್ಲಾ ಅದರಲ್ಲಿ ಸದಸ್ಯರು, ವರ್ಷಕ್ಕೆ ಮೂರು ಸಲ ಸೇರ್ತಾರೆ. ಅದು ಸ್ಟ್ಯಾಂಡರ್ಡ್ ಮಾಡೋ ಸಂಸ್ಥೆ ಅಲ್ಲ, ಆ ಕೆಲಸ ಐಇಟಿಎಫ್ ಅನ್ನೋ ಬೇರೆ ಸಂಸ್ಥೆದು. ಇಲ್ಲಿ ಆಗೋದು ಬೇರೆ, ಮಾರ್ಕೆಟ್‌ನಲ್ಲಿ ಒಬ್ಬರಿಗೊಬ್ಬರು ಎದುರಾಳಿ ಆದವರು "ನಮ್ಮಲ್ಲಿ ಈ ಥರ ದಾಳಿ ಬರ್ತಿದೆ, ನಿಮ್ಮಲ್ಲೂ ಬಂತಾ" ಅಂತ ಬಾಯಿ ಬಿಟ್ಟು ಕೇಳೋದು. ನನ್ನ ಪ್ರಕಾರ ಇಪ್ಪತ್ತು ವರ್ಷದಲ್ಲಿ ಬಂದ ಅತಿ ದೊಡ್ಡ ಬದಲಾವಣೆ ಯಾವ ಪ್ರೋಟೋಕಾಲೂ ಅಲ್ಲ, ಇದೇ.

ಸಣ್ಣಸರ್ವರ್:
ಅಲ್ರೀ, ಇದೆಲ್ಲಾ ಕೇಳಾಕ ಚೊಲೋ ಐತಿ. ಆದ್ರ ಸ್ವಂತ ಮೇಲ್ ಸರ್ವರ್ ನಡಸೋರ ಪಾಡು ಏನಂತ ಯಾರೂ ಕೇಳಂಗಿಲ್ಲ. ನಂದು ಎಸ್‌ಪಿಎಫ್ ಸರಿ ಐತಿ, ಡಿಕಿಮ್ ಸರಿ ಐತಿ, ಡಿಮಾರ್ಕ್ 'ರಿಜೆಕ್ಟ್' (ಫೇಲ್ ಆದ ಮೇಲ್ ತಗೋಬ್ಯಾಡ್ರಿ ಅಂತ) ಐತಿ, ಐಪಿ ಅಂದ್ರ ಸರ್ವರಿನ ನಂಬರಿಂದ ಅದರ ಹೆಸರು ತೋರಿಸೋ ರಿವರ್ಸ್ ಡಿಎನ್‌ಎಸ್ ಐತಿ, ಯಾವ ಬ್ಲಾಕ್‌ಲಿಸ್ಟ್‌ನ್ಯಾಗೂ ಹೆಸರಿಲ್ಲ, ಆದ್ರೂ ಒಂದು ದೊಡ್ಡ ಮೇಲ್ ಕಂಪನಿ ನನ್ನ ಮೇಲ್ ಎಲ್ಲಾ ಜಂಕ್‌ಗೆ ಹಾಕ್ತೈತಿ. ಕಾರಣ ಕೇಳಿದ್ರ ಫಾರಂ ತುಂಬ್ರಿ ಅಂತಾರ, ತುಂಬಿದ್ರ ಮಷೀನ್ ಉತ್ತರ ಬರ್ತೈತಿ. ಈ ಮಾಗ್‌ನವ್ರು ಬಾಗ್ಲಾ ಹಾಕ್ಕೊಂಡು ಒಳಗ ಕೂತು ನಿಯಮ ಮಾಡ್ತಾರ, ಫೀ ಕಟ್ಟಿದ ಕಂಪನಿಗಳಿಗಷ್ಟ ಒಳಗ ಜಾಗ, ನಮ್ಮಂಥವ್ರು ಹೊರಗ ನಿಂತು ಪಾಲಿಸಬೇಕು. ಸ್ಪ್ಯಾಮ್ ನಿಲ್ಲಿಸ್ತೀವಿ ಅಂತ ಹೇಳಿ ಮೇಲ್ ಅನ್ನೋದು ನಾಲ್ಕೈದು ಕಂಪನಿಗಳ ಸ್ವತ್ತು ಆಗಾಕತ್ತೈತಿ, ಇದನ್ನ ಯಾರಾದ್ರೂ ಹೇಳಬೇಕಲ್ರೀ.

ದೂರುಪೆಟ್ಟಿಗೆ:
@ಸಣ್ಣಸರ್ವರ್ ನಿಮ್ಮ ಮಾತನ್ನ ನಾನು ತಳ್ಳಿಹಾಕಲ್ಲ ಸರ್, ಸಣ್ಣ ಸರ್ವರಿಗೆ ಆಗೋ ಅನ್ಯಾಯ ನಿಜ, ದಿನಕ್ಕೆ ಹತ್ತು ಮೇಲ್ ಹೋಗೋ ಐಪಿಗೆ ರೆಪ್ಯುಟೇಶನ್ ಅನ್ನೋದೇ ಕಟ್ಟಲ್ಲ, ಫಿಲ್ಟರಿಗೆ ಗೊತ್ತಿಲ್ಲದವರೆಲ್ಲಾ ಅನುಮಾನದವರೇ. ಬಾಗಿಲು ಮುಚ್ಚಿ ಕೂರೋದಕ್ಕೆ ಮಾತ್ರ ಕಾರಣ ಇದೆ. ಯಾವ ಗುರುತು ನೋಡಿ ಹಿಡಿತೀವಿ ಅಂತ ಬಹಿರಂಗವಾಗಿ ಹೇಳಿದ್ರೆ ಮಾರನೇ ದಿನ ಆ ಗುರುತು ಬದಲಾಗಿರುತ್ತೆ. ಹಾಗೇ "ನಮ್ಮ ಗಿರಾಕಿಯೊಬ್ಬ ಹೀಗೆ ಮೋಸ ಮಾಡಿದ" ಅಂತ ಒಂದು ಕಂಪನಿ ಎಲ್ಲರೆದುರು ಹೇಳೋಕೆ ವಕೀಲರೂ ಬಿಡಲ್ಲ. ಆದ್ರೆ ಅಲ್ಲಿ ತಯಾರಾಗೋ ಬೆಸ್ಟ್ ಪ್ರಾಕ್ಟೀಸ್ ದಾಖಲೆಗಳು ಸಾಕಷ್ಟು ಬಹಿರಂಗವಾಗೇ ಇವೆ, ಯಾರು ಬೇಕಾದ್ರೂ ಓದಬಹುದು, ನಾನು ಈ ಕೆಲಸ ಕಲಿತಿದ್ದೇ ಅವನ್ನ ಓದಿ.

2024ರ ಫೆಬ್ರವರಿಯಿಂದ ಬಂದ ಜಿಮೇಲ್, ಯಾಹೂ ನಿಯಮ ನೋಡಿ. ದಿನಕ್ಕೆ 5000ಕ್ಕಿಂತ ಜಾಸ್ತಿ ಮೇಲನ್ನ ಜಿಮೇಲಿಗೆ ಕಳಿಸೋರು ಎಸ್‌ಪಿಎಫ್, ಡಿಕಿಮ್ ಎರಡೂ ಇಟ್ಕೋಬೇಕು, ಡಿಮಾರ್ಕ್ ಇರ್ಬೇಕು, ಪ್ರಚಾರದ ಮೇಲ್ ಆದ್ರೆ ಒಂದೇ ಕ್ಲಿಕ್ಕಿಗೆ ಪಟ್ಟಿಯಿಂದ ಹೊರಗೆ ಹೋಗೋ ವ್ಯವಸ್ಥೆ ಇರ್ಬೇಕು, ಎರಡು ದಿನದೊಳಗೆ ತೆಗೆದುಹಾಕಬೇಕು, ಸ್ಪ್ಯಾಮ್ ಅಂತ ಜನ ಒತ್ತೋ ಪ್ರಮಾಣ 0.3% ಮುಟ್ಟಬಾರದು. ಮೈಕ್ರೋಸಾಫ್ಟ್ 2025ರ ಮೇನಲ್ಲಿ ಇದರಲ್ಲಿ ಎಸ್‌ಪಿಎಫ್, ಡಿಕಿಮ್, ಡಿಮಾರ್ಕ್ ಇರ್ಬೇಕು ಅನ್ನೋ ಭಾಗ ತಂತು. ಇದರಲ್ಲಿ ಹೊಸ ಟೆಕ್ನಾಲಜಿ ಅಂತ ಏನೂ ಇಲ್ಲ, ಎಲ್ಲಾ ಎಷ್ಟೋ ವರ್ಷದಿಂದ "ಮಾಡಿದ್ರೆ ಒಳ್ಳೇದು" ಅಂತ ಬರೆದಿಟ್ಟಿದ್ದೇ. ಮಾಡದಿದ್ರೆ ಮೇಲ್ ತಗೊಳ್ಳಲ್ಲ ಅಂತ ತಗೊಳ್ಳೋರು ಹೇಳಿದಾಗ ಮಾತ್ರ ಕಳಿಸೋರು ಎದ್ದು ಕೂತ್ರು. ಸಲಹೆಯಿಂದ ಆಗದೇ ಇದ್ದಿದ್ದು ಷರತ್ತಿನಿಂದ ಆಯ್ತು.

ಒಂದೇ ಕ್ಲಿಕ್ ಅನ್ನೋದರ ಹಿಂದೆ ಒಂದು ಸೂಕ್ಷ್ಮ ಇದೆ, ನನಗೆ ತುಂಬಾ ಇಷ್ಟವಾದ ವಿಷಯ, ಹೇಳಿಬಿಡ್ತೀನಿ. ಪಟ್ಟಿಯಿಂದ ಬಿಡೋ ಲಿಂಕನ್ನ ಮೇಲ್‌ನ ಹೆಡರಲ್ಲೇ (ಓದೋರಿಗೆ ಕಾಣದ ಮೇಲಿನ ಸಾಲುಗಳಲ್ಲಿ) ಇಡಬಹುದು ಅನ್ನೋದು 1998ರಿಂದ ಇತ್ತು. ತೊಂದರೆ ಏನಾಯ್ತು ಅಂದ್ರೆ ಸೆಕ್ಯುರಿಟಿ ಸ್ಕ್ಯಾನರ್‌ಗಳು ಮೇಲ್‌ನಲ್ಲಿರೋ ಲಿಂಕೆಲ್ಲಾ ತೆರೆದು ನೋಡ್ತವೆ, ಓದುಗ ಮುಟ್ಟೇ ಇಲ್ಲ, ಆದ್ರೂ ಸ್ಕ್ಯಾನರ್ ತೆರೆದಿದ್ದಕ್ಕೆ ಅವನ ಹೆಸರು ಪಟ್ಟಿಯಿಂದ ಹೋಗಿಬಿಡ್ತಿತ್ತು. ಅದಕ್ಕೆ 2017ರ ಆರ್‌ಎಫ್‌ಸಿ 8058 ಏನ್ ಹೇಳ್ತು ಅಂದ್ರೆ, ಲಿಂಕ್ ಸುಮ್ನೆ ತೆರೆದ್ರೆ ಏನೂ ಆಗಬಾರದು, ಮೇಲ್ ಆ್ಯಪ್ ಬೇರೆಯಾಗಿ ಒಂದು ಪೋಸ್ಟ್ ರಿಕ್ವೆಸ್ಟ್ ಕಳಿಸಿದ್ರೆ ಮಾತ್ರ ಹೆಸರು ತೆಗೀಬೇಕು. ಕಳಿಸೋರು, ತಗೊಳ್ಳೋರು, ಸ್ಕ್ಯಾನ್ ಮಾಡೋರು, ಮೂರೂ ಕಡೆಯ ಗೋಳು ಗೊತ್ತಿದ್ದವರಿಗೆ ಮಾತ್ರ ಹೊಳೆಯೋ ಪರಿಹಾರ ಇದು.

ಗುಂಪುಪತ್ರ:
ನಮ್ಮದೂ ಒಂದು ಕಥೆ ಉಂಟು ಮಾರಾಯ್ರೆ, 'ರಿಜೆಕ್ಟ್' ಹಾಕಿ ಹಾಕಿ ಅಂತ ಹೇಳುವವರು ಇದನ್ನೂ ಕೇಳ್ಬೇಕು. ನಾನು ಒಂದು ಹಳೆ ಮೇಲಿಂಗ್ ಲಿಸ್ಟ್ ನೋಡಿಕೊಳ್ಳುದು. 2014ರ ಏಪ್ರಿಲ್‌ನಲ್ಲಿ ಯಾಹೂ ತನ್ನ ಡೊಮೇನಿಗೆ ಡಿಮಾರ್ಕ್ 'ರಿಜೆಕ್ಟ್' ಹಾಕಿತು, ಸ್ವಲ್ಪ ದಿನದಲ್ಲಿ ಎಓಎಲ್ ಸಹ. ಅವರಿಗೆ ಬೇರೆ ದಾರಿ ಇರಲಿಲ್ಲ, ಅವರ ಬಳಕೆದಾರರ ಹೆಸರಲ್ಲಿ ನಕಲಿ ಮೇಲ್ ಹೊಳೆ ಹರಿದ ಹಾಗೆ ಹೋಗ್ತಾ ಇತ್ತು, ಅದು ಒಪ್ಪುವ ಮಾತೇ. ಆದರೆ ಮೇಲಿಂಗ್ ಲಿಸ್ಟ್ ಹೇಗೆ ಕೆಲಸ ಮಾಡುದು? ಸದಸ್ಯ ಬರೆದ ಮೇಲಿಗೆ ಸಬ್ಜೆಕ್ಟ್‌ನಲ್ಲಿ ಗುಂಪಿನ ಹೆಸರು ಸೇರಿಸಿ, ಕೆಳಗೆ ಎರಡು ಸಾಲು ಹಾಕಿ, ನಮ್ಮ ಸರ್ವರಿನಿಂದ ಎಲ್ಲರಿಗೆ ಕಳಿಸುದು. ಹಾಗಾಗಿ ಎಸ್‌ಪಿಎಫ್ ಹೊಂದುದಿಲ್ಲ, ಅಕ್ಷರ ಬದಲಾದ ಕಾರಣ ಡಿಕಿಮ್ ಸಹಿಯೂ ಮುರೀತದೆ. ಯಾಹೂ ಸದಸ್ಯ ಒಬ್ಬರು ಗುಂಪಿಗೆ ಬರೆದ್ರೆ ಬೇರೆಯವರ ಮೇಲ್‌ಬಾಕ್ಸ್ ಅದನ್ನ ವಾಪಸ್ ಮಾಡ್ತದೆ, ವಾಪಸ್ ಬಂದದ್ದನ್ನ ನೋಡಿ ನಮ್ಮ ಸಾಫ್ಟ್‌ವೇರ್ ಯಾರ ಮೇಲ್‌ಬಾಕ್ಸಿನಿಂದ ವಾಪಸ್ ಬಂತೋ ಆ ಪಾಪದವರನ್ನೇ ಗುಂಪಿನಿಂದ ತೆಗೀತದೆ. ಏನೂ ತಪ್ಪು ಮಾಡದವರು ಹೊರಗೆ!

ಮತ್ತೆ 'ಫ್ರಂ' ಜಾಗದಲ್ಲಿ ಬರೆದವರ ಹೆಸರಿನ ಜೊತೆ ಗುಂಪಿನ ಅಡ್ರೆಸ್ ಹಾಕುವ ಉಪಾಯ ಬಂತು, ಈಗಲೂ ಅದೇ ನಡೀತಾ ಉಂಟು. 2019ರಲ್ಲಿ ಆರ್ಕ್ ಅಂತ ಒಂದು ಬಂತು, ನಡುವಿನ ಸರ್ವರ್ "ನನಗೆ ಬಂದಾಗ ಸರಿ ಇತ್ತು" ಅಂತ ತನ್ನ ಸಹಿ ಹಾಕಿ ಮುಂದೆ ಕಳಿಸುವ ವ್ಯವಸ್ಥೆ. ಆದರೆ ನಡುವಿನವನನ್ನ ನಂಬಬೇಕಾ ಬೇಡ್ವಾ ಅಂತ ತೀರ್ಮಾನ ಮಾಡುದು ಪುನಃ ತಗೊಳ್ಳುವ ದೊಡ್ಡವರೇ. @ಸಣ್ಣಸರ್ವರ್ ಹೇಳಿದ್ದು ಅಲ್ಲಿಗೇ ಬಂತು ಅಲ್ವ.

ಹಳೇಲಾಗ್:
ಸ್ವಲ್ಪ ಹಿಂದಕ್ಕೆ ಹೋಗೋಣ, ಯಾಕಂದ್ರೆ ಇಲ್ಲಿ ಎಲ್ರೂ ಪ್ರೋಟೋಕಾಲ್ ಬಗ್ಗೆನೇ ಮಾತಾಡ್ತಿದೀರಿ. ಮೊದಲ ಸ್ಪ್ಯಾಮ್ ಅಂತ ಎಲ್ರೂ ತೋರಿಸೋದು 1978ರ ಮೇ ತಿಂಗಳಲ್ಲಿ ಡಿಜಿಟಲ್ ಇಕ್ವಿಪ್‌ಮೆಂಟ್ ಕಾರ್ಪೊರೇಷನ್ನಿನ ಗ್ಯಾರಿ ಥರ್ಕ್, ಇಂಟರ್‌ನೆಟ್‌ಗಿಂತ ಮುಂಚಿನ ಜಾಲವಾದ ಅರ್ಪಾನೆಟ್‌ನಲ್ಲಿ ಸುಮಾರು 400 ಜನಕ್ಕೆ ಕಳಿಸಿದ ಕಂಪ್ಯೂಟರ್ ಜಾಹೀರಾತು. 2004ರ ಶುರುವಲ್ಲಿ ಬಿಲ್ ಗೇಟ್ಸ್ ಇನ್ನೆರಡು ವರ್ಷದಲ್ಲಿ ಸ್ಪ್ಯಾಮ್ ಸಮಸ್ಯೆ ಬಗೆಹರಿಯುತ್ತೆ ಅಂದಿದ್ರು, ಬಗೆಹರೀಲಿಲ್ಲ, ಯಾಕಂದ್ರೆ ಅಷ್ಟರಲ್ಲಿ ಕಳಿಸೋರು ಜಾಹೀರಾತಿನವರಾಗಿ ಉಳಿದಿರಲಿಲ್ಲ, ಮನೆಮನೆಯ ವೈರಸ್ ಹೊಕ್ಕ ಕಂಪ್ಯೂಟರುಗಳನ್ನ ಬಾಟ್‌ನೆಟ್ ಮಾಡ್ಕೊಂಡ ಕ್ರಿಮಿನಲ್‌ಗಳಾಗಿದ್ರು.

ಅಲ್ಲಿ ಕೆಲಸ ಮಾಡಿದ್ದು ತುಂಬಾ ಸರಳವಾದ ಒಂದು ಒಪ್ಪಂದ. ಮನೆ ಕನೆಕ್ಷನ್ನಿಂದ 25ನೇ ಪೋರ್ಟಲ್ಲಿ (ಮೇಲ್ ಸರ್ವರ್‌ಗಳು ಒಂದಕ್ಕೊಂದು ಮೇಲ್ ದಾಟಿಸೋ ಬಾಗಿಲು) ನೇರ ಮೇಲ್ ಹೊರಗೆ ಹೋಗೋದನ್ನ ಇಂಟರ್‌ನೆಟ್ ಕಂಪನಿಗಳು ಮುಚ್ಚೋದು, ನಿಜವಾದ ಬಳಕೆದಾರರು ಪಾಸ್‌ವರ್ಡ್ ಹಾಕಿ 587ರಿಂದ ಕಳಿಸೋದು. ಬ್ರೆಜಿಲ್ ಒಂದು ಕಾಲಕ್ಕೆ ಸ್ಪ್ಯಾಮ್ ಕಳಿಸೋ ದೇಶಗಳ ಪಟ್ಟಿಯಲ್ಲಿ ಮೇಲೇ ಇತ್ತು, ಅಲ್ಲಿನ ಎಲ್ಲಾ ಆಪರೇಟರ್‌ಗಳು, ಸರ್ಕಾರದವರು, ಗ್ರಾಹಕರ ಪರ ಇರೋರು ಒಟ್ಟಿಗೆ ಕೂತು ಇದನ್ನ ಜಾರಿ ಮಾಡಿದ್ಮೇಲೆ ಪಟ್ಟಿಯಲ್ಲಿ ಕೆಳಗೆ ಇಳೀತು. ಪೋರ್ಟ್ ಮುಚ್ಚಿದ ಕಂಪನಿಗೆ ಇದರಿಂದ ನೇರ ಲಾಭ ಏನೂ ಇಲ್ಲ, ಲಾಭ ಆಗೋದು ಬೇರೆ ದೇಶದಲ್ಲಿ ಇನ್‌ಬಾಕ್ಸ್ ನೋಡೋನಿಗೆ. ಅದಕ್ಕೇ ಒಬ್ಬೊಬ್ಬರೇ ಮಾಡೋ ಕೆಲಸ ಅಲ್ಲ ಇದು.

ಇನ್ನೊಂದು ಮೆಕೋಲೋ. ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆಯಲ್ಲಿದ್ದ ಒಂದು ಹೋಸ್ಟಿಂಗ್ ಕಂಪನಿ, ದೊಡ್ಡ ದೊಡ್ಡ ಬಾಟ್‌ನೆಟ್‌ಗಳಿಗೆ ಅಪ್ಪಣೆ ಕೊಡೋ ಕಂಟ್ರೋಲ್ ಸರ್ವರ್ ಎಲ್ಲಾ ಅಲ್ಲೇ. ಪತ್ರಕರ್ತ ಬ್ರಯಾನ್ ಕ್ರೆಬ್ಸ್ ಪುರಾವೆ ತಗೊಂಡು ಅದಕ್ಕೆ ಕನೆಕ್ಷನ್ ಕೊಡ್ತಿದ್ದ ಕಂಪನಿಗಳನ್ನ ಕೇಳಿದ್ರು, 2008ರ ನವೆಂಬರ್ 11ಕ್ಕೆ ಲೈನ್ ಕಟ್ ಆಯ್ತು, ಅವತ್ತೇ ಜಗತ್ತಿನ ಸ್ಪ್ಯಾಮ್ ಅರ್ಧಕ್ಕಿಂತ ಕೆಳಗೆ ಬಿತ್ತು. ಕೆಲವು ತಿಂಗಳಿಗೆ ಮತ್ತೆ ಏರಿತು, ಕಂಟ್ರೋಲ್ ಸರ್ವರ್‌ಗಳು ಬೇರೆ ಕಡೆ ಹೋದವು. ಹಾಗಂತ ಅದು ವ್ಯರ್ಥ ಅಂತ ನಾನು ಒಪ್ಪಲ್ಲ, ಅಷ್ಟು ಸ್ಪ್ಯಾಮಿಗೆ ಬೇರು ಎಷ್ಟು ಕಡಿಮೆ ಜಾಗದಲ್ಲಿದೆ ಅಂತ ಅವತ್ತು ಎಲ್ರಿಗೂ ಗೊತ್ತಾಯ್ತು, 2011ರಲ್ಲಿ ರಸ್ಟಾಕ್, 2021ರಲ್ಲಿ ಎಮೋಟೆಟ್ ಅನ್ನೋ ಬಾಟ್‌ನೆಟ್‌ಗಳನ್ನ ಕೆಡವಿದಾಗಲೂ ನೇರ ಕಂಟ್ರೋಲ್ ಸರ್ವರಿಗೇ ಕೈ ಹಾಕಿದ್ರು.

ಡಿಎನ್‌ಎಸ್ ಚೇಂಜರ್ ಅನ್ನೋ ವೈರಸ್ ಇನ್ನೂ ಚೆನ್ನಾಗಿರೋ ಉದಾಹರಣೆ, ಡಿಎನ್‌ಎಸ್ ಅಂದ್ರೆ ಸೈಟಿನ ಹೆಸರು ಕೊಟ್ರೆ ಅದರ ಐಪಿ ನಂಬರ್ ಹುಡುಕಿ ಕೊಡೋ ವ್ಯವಸ್ಥೆ. 2011ರ ನವೆಂಬರ್‌ನಲ್ಲಿ ಎಫ್‌ಬಿಐ ಅದರ ಹಿಂದಿದ್ದ ಗುಂಪನ್ನ ಹಿಡೀತು, ಸುಮಾರು 40 ಲಕ್ಷ ಕಂಪ್ಯೂಟರ್‌ಗಳ ಡಿಎನ್‌ಎಸ್ ಆ ಕಳ್ಳರ ಸರ್ವರ್‌ಗಳಿಗೆ ತಿರುಗಿತ್ತು. ಆ ಸರ್ವರ್‌ಗಳನ್ನ ಸುಮ್ನೆ ಆರಿಸಿದ್ರೆ ಅಷ್ಟೂ ಜನಕ್ಕೆ ಇಂಟರ್‌ನೆಟ್ಟೇ ಇಲ್ಲ! ಅದಕ್ಕೆ ಕೋರ್ಟ್ ಅನುಮತಿ ತಗೊಂಡು ಅದೇ ಜಾಗದಲ್ಲಿ ಸ್ವಚ್ಛ ಸರ್ವರ್ ಇಟ್ಟು 2012ರ ಜುಲೈ 9ರವರೆಗೆ ನಡೆಸಿದ್ರು, ಅಷ್ಟರೊಳಗೆ ಇಂಟರ್‌ನೆಟ್ ಕಂಪನಿಗಳು ತಮ್ಮ ಗಿರಾಕಿಗಳಲ್ಲಿ ಯಾರಿಗೆ ಸೋಂಕಿದೆ ಅಂತ ನೋಡಿ ಎಚ್ಚರಿಸಿದ್ರು. ಪೊಲೀಸರು ಒಬ್ಬರೇ ಆಗಿದ್ರೆ, ಕಂಪನಿಗಳು ಮಾತ್ರ ಆಗಿದ್ರೆ, ಆಗ್ತಾ ಇರ್ಲಿಲ್ಲ.

ಪರದೆ:
ಒಟ್ಟಿಗೆ ಕೆಲಸ ಮಾಡೋದು ಅಂದ್ರೆ ಎಲ್ಲರ ಮಾಹಿತಿ ಎಲ್ಲರ ಹತ್ರ ಇರೋದು ಅಂತ ಆಗಬಾರದು, ಅದನ್ನ ಹೇಳೋಕೆ ಬಂದೆ. 2018ರ ಮೇನಲ್ಲಿ ಯುರೋಪಿನಲ್ಲಿ ಜನರ ಖಾಸಗಿ ಮಾಹಿತಿ ಕಾಯೋ ಜಿಡಿಪಿಆರ್ ಕಾನೂನು ಜಾರಿಗೆ ಬಂದಾಗ ಡೊಮೇನ್ ಯಾರ ಹೆಸರಲ್ಲಿದೆ ಅಂತ ತೋರಿಸೋ ಹೂಈಸ್ ಮಾಹಿತಿ ಬಹುಪಾಲು ಮುಚ್ಚಿಹೋಯ್ತು. ಆ್ಯಂಟಿ ಅಬ್ಯೂಸ್ ಸಂಸ್ಥೆಗಳು ತನಿಖೆ ಕಷ್ಟ ಆಯ್ತು ಅಂತ ಗಟ್ಟಿಯಾಗಿ ಹೇಳಿದ್ವು, ನಿಜ ಇರಬಹುದು. ಆದ್ರೆ ಅದೇ ಹೂಈಸ್‌ನಿಂದ ಮನೆ ಅಡ್ರೆಸ್, ಫೋನ್ ನಂಬರ್ ಕಿತ್ಕೊಂಡು ಸ್ಪ್ಯಾಮ್ ಮಾಡ್ತಿದ್ರು, ಹೆಂಗಸರ ಬ್ಲಾಗ್ ನೋಡಿ ಮನೆ ಹುಡುಕ್ತಿದ್ರು, ಅದೂ ಅಬ್ಯೂಸೇ ಅಲ್ವಾ?

ಹಾಗೇ ಎಂಡ್ ಟು ಎಂಡ್ ಎನ್‌ಕ್ರಿಪ್ಶನ್ (ಕಳಿಸೋರು, ಓದೋರು ಬಿಟ್ಟು ಕಂಪನಿಯೂ ಓದೋಕಾಗದ ಗೂಢಲಿಪಿ) ತೆಗೆದ್ರೆ ಮೆಸೇಜ್ ಓದಿ ಸ್ಪ್ಯಾಮ್ ಹಿಡೀಬಹುದು ಅಂತ ವಾದ ಬರುತ್ತೆ, ಬೇಕಾಗೇ ಇಲ್ಲ. ಒಂದು ಅಕೌಂಟ್ ಶುರುವಾದ ಕೂಡ್ಲೇ ಪರಿಚಯ ಇಲ್ಲದ ಸಾವಿರ ಜನಕ್ಕೆ ಬರೀತಾ ಇದೆ, ಬರೆದವರಲ್ಲಿ ಯಾರೂ ಉತ್ತರ ಕೊಡ್ತಿಲ್ಲ, ಬ್ಲಾಕ್ ಮಾಡ್ತಿದಾರೆ ಅನ್ನೋದು ಒಳಗಿನ ಅಕ್ಷರ ಓದದೇ ಗೊತ್ತಾಗುತ್ತೆ. ವಾಟ್ಸಾಪ್‌ನಲ್ಲಿ ನಾವು ರಿಪೋರ್ಟ್ ಒತ್ತಿದ್ರೆ ಆ ಚಾಟಿನ ಕೊನೆಯ ಐದು ಮೆಸೇಜ್ ಕಂಪನಿಗೆ ಹೋಗುತ್ತೆ, ಅದು ನಾವೇ ಒಪ್ಪಿ ಕೊಟ್ಟಿದ್ದು. 2020ರಲ್ಲಿ ತುಂಬಾ ಸಲ ಫಾರ್ವರ್ಡ್ ಆದ ಮೆಸೇಜನ್ನ ಒಂದು ಸಲಕ್ಕೆ ಒಂದೇ ಚಾಟಿಗೆ ಕಳಿಸೋ ಹಾಗೆ ಮಿತಿ ಹಾಕಿದ್ರು, ಅಂಥ ಫಾರ್ವರ್ಡ್ 70% ಇಳೀತು ಅಂತ ಕಂಪನಿನೇ ಹೇಳ್ತು. ಯಾರ ಮೆಸೇಜನ್ನೂ ಓದದೇ ಆಗಿದ್ದು ಇದು. ಈ ದಾರಿಯಲ್ಲಿ ಹೋಗೋಕೆ ಜಾಗ ಇನ್ನೂ ಬೇಕಾದಷ್ಟಿದೆ.

ಸಂದೇಶವಾಹಿ:
ಎಸ್‌ಎಂಎಸ್ ಕಡೆಯಿಂದ ನಾನು ಹೇಳ್ತೀನಿ, ಟೆಲಿಕಾಂ ಫಿಲ್ಟರಿಂಗ್‌ನಲ್ಲಿ ಕೆಲಸ ನನ್ನದು. ಮೇಲ್‌ನವರಿಗೆ ಡಿಕಿಮ್ ಅಂತ ಒಂದು ಸಹಿ ಆದ್ರೂ ಇದೆ, ನಮಗೆ ಅದೂ ಇಲ್ಲ. ಅಕ್ಷರದಲ್ಲಿ ಬರೋ ಸೆಂಡರ್ ಹೆಸರು ಅನ್ನೋದು ಬರೀ ಒಂದು ಖಾಲಿ ಜಾಗ, ಕಳಿಸೋನು ಏನ್ ತುಂಬಿದ್ರೆ ಅದು, ಫೋನ್ ಅದೇ ಹೆಸರಿನ ಹಳೇ ಮೆಸೇಜ್ ಕೆಳಗೇ ಇದನ್ನೂ ಜೋಡಿಸಿ ತೋರಿಸುತ್ತೆ, ಬ್ಯಾಂಕಿನ ನಿಜವಾದ ಓಟಿಪಿ ಕೆಳಗೆ ನಕಲಿ ಲಿಂಕು, ನೋಡೋನಿಗೆ ಅನುಮಾನ ಎಲ್ಲಿಂದ ಬರ್ಬೇಕು? ಸಿಂಗಪುರದಲ್ಲಿ 2023ರ ಜನವರಿ ಕೊನೆಯಿಂದ ಅಂಥ ಹೆಸರುಗಳನ್ನ ನೋಂದಣಿ ಮಾಡಿಸೋದು ಕಡ್ಡಾಯ, ಮಾಡಿಸದೇ ಕಳಿಸಿದ್ರೆ ಮೆಸೇಜ್ ಮೇಲೆ ಇದು ಮೋಸ ಇರಬಹುದು ಅಂತ ಹಣೆಪಟ್ಟಿ ಬರುತ್ತೆ. ಒಳ್ಳೇ ಕೆಲಸ. ಹಾಗಾಗಿ ಕಳ್ಳರು ನೆಟ್‌ವರ್ಕನ್ನೇ ಬಿಟ್ಟು ಬಂದ್ರು, ಕಾರಲ್ಲಿ ನಕಲಿ ಟವರ್ ಥರದ ಯಂತ್ರ ಇಟ್ಕೊಂಡು ಓಡಾಡೋದು, ಸುತ್ತಲಿನ ಫೋನ್‌ಗಳನ್ನ 2ಜಿಗೆ ಇಳಿಸಿ ನೇರ ಮೆಸೇಜ್ ತಳ್ಳೋದು. ಅದು ಯಾವ ಆಪರೇಟರ್ ಫಿಲ್ಟರಿಗೂ ಸಿಗಲ್ಲ, ಯಾಕಂದ್ರೆ ಆಪರೇಟರ್ ಮೂಲಕ ಬರೋದೇ ಇಲ್ಲ. 2ಜಿಯಲ್ಲಿ ಫೋನ್ ತಾನ್ಯಾರು ಅಂತ ಟವರಿಗೆ ಸಾಬೀತು ಮಾಡ್ಬೇಕು, ಟವರ್ ಮಾತ್ರ ಫೋನಿಗೆ ಏನೂ ಸಾಬೀತು ಮಾಡಬೇಕಿಲ್ಲ, ತೂತು ಅಲ್ಲಿದೆ. ಆಂಡ್ರಾಯ್ಡ್ 12ರಿಂದ 2ಜಿ ಆಫ್ ಮಾಡೋ ಆಯ್ಕೆ ಬಂದಿದೆ, ನಿಮ್ಮ ಫೋನಲ್ಲಿದ್ರೆ ಆಫ್ ಮಾಡಿ, ಮನೆಯ ಹಿರಿಯರ ಫೋನಲ್ಲೂ ಮಾಡಿಕೊಡಿ.

ಸವಿನೆನಪು:
ನಾನು ಟೆಕ್ನಿಕಲ್ ಅಲ್ಲ, ಆದ್ರೂ ಒಂದು ಮಾತು ಹೇಳ್ಲೇಬೇಕು ಅನ್ನಿಸ್ತು. ಎಲ್ರೂ ಕಳ್ಳ ಕಳ್ಳ ಅಂತಿದೀರಿ. "ಹಾಯ್, ನೀವು ಇಂಥವರಲ್ವಾ, ಸಾರಿ ರಾಂಗ್ ನಂಬರ್" ಅಂತ ಶುರುವಾಗಿ ಸ್ನೇಹ ಬೆಳೆಸಿ ಕೊನೆಗೆ ಹೂಡಿಕೆ ಮಾಡಿಸೋ ಮೆಸೇಜ್‌ಗಳಿವೆಯಲ್ಲ, ಅದನ್ನ ಟೈಪ್ ಮಾಡೋರಲ್ಲಿ ಸಾವಿರಾರು ಜನ ಕೆಲಸ ಕೊಡಿಸ್ತೀವಿ ಅಂತ ಮೋಸ ಹೋಗಿ ಬಂಧಿಯಾದವರು. 2023ರ ಆಗಸ್ಟಲ್ಲಿ ವಿಶ್ವಸಂಸ್ಥೆಯ ಮಾನವ ಹಕ್ಕು ಕಚೇರಿಯ ವರದಿ ಬಂತು, ಮ್ಯಾನ್ಮಾರಿನಲ್ಲಿ ಕಡಿಮೆ ಅಂದ್ರೂ 1,20,000, ಕಾಂಬೋಡಿಯಾದಲ್ಲಿ ಸುಮಾರು 1,00,000 ಜನ ಹೀಗೆ ಬಲವಂತದಲ್ಲಿ ಇರಬಹುದು ಅಂತ. ಪಾಸ್‌ಪೋರ್ಟ್ ಕಿತ್ಕೊಳ್ತಾರೆ, ಟಾರ್ಗೆಟ್ ಮುಟ್ಟದಿದ್ರೆ ಹೊಡೀತಾರೆ. 2025ರ ಮೊದಲ ಆರು ತಿಂಗಳಲ್ಲಿ ಇಂಥ ಮೋಸದ ಕೇಂದ್ರಗಳಿಗೆ ಸೇರಿದ 68 ಲಕ್ಷ ಅಕೌಂಟ್ ತೆಗೆದಿದೀವಿ ಅಂತ ವಾಟ್ಸಾಪ್ ಹೇಳ್ತು, ಸಂತೋಷ. ಆದ್ರೆ ಅಕೌಂಟ್ ಹೋಯ್ತು ಅಂದ್ರೆ ಆ ಕುರ್ಚಿಯಲ್ಲಿ ಕೂತ ಹುಡುಗನಿಗೆ ಅವತ್ತು ಏನಾಗುತ್ತೆ? ಕಂಪನಿಗಳ ಹತ್ರ ಯಾವ ಕಟ್ಟಡದಿಂದ ಎಷ್ಟು ಅಕೌಂಟ್ ಓಡ್ತಿದೆ ಅನ್ನೋ ಸುಳಿವು ಇರುತ್ತೆ ಅಲ್ವಾ, ಅದು ಬರೀ ಬ್ಲಾಕ್ ಮಾಡೋಕೆ ಮಾತ್ರ ಬಳಸಿದ್ರೆ ಸಾಕಾ, ಜನರನ್ನ ಬಿಡಿಸೋರ ಕೈಗೂ ತಲುಪಬೇಕಲ್ವಾ?

ದೂರುಪೆಟ್ಟಿಗೆ:
@ಸವಿನೆನಪು ಮೇಡಂ, ಇದನ್ನ ಕೇಳಿದ್ದು ಒಳ್ಳೇದಾಯ್ತು. ನಮ್ಮ ಡೆಸ್ಕಲ್ಲಿ ದೂರು ಬಂತು, ಸೈಟ್ ಇಳಿಸಿದ್ವಿ, ಟಿಕೆಟ್ ಮುಚ್ಚಿದ್ವಿ ಅಂತ ಮುಗಿಯುತ್ತೆ. ಆ ಸುಳಿವು ಮುಂದೆ ಎಲ್ಲಿಗೆ ಹೋಗ್ಬೇಕು ಅನ್ನೋದಕ್ಕೆ ದಾರಿ ಸರಿಯಾಗಿಲ್ಲ, ಪೊಲೀಸರಿಗೆ ಕೊಡೋಣ ಅಂದ್ರೆ ಸರ್ವರ್ ಒಂದು ದೇಶ, ಡೊಮೇನ್ ಇನ್ನೊಂದು, ದುಡ್ಡು ಕಳ್ಕೊಂಡವರು ಮೂರನೇದು, ಬಂಧಿ ನಾಲ್ಕನೇದು. ಕಂಪನಿಗಳ ನಡುವೆ ಇರೋ ನಂಬಿಕೆ ದೇಶಗಳ ನಡುವೆ ಇನ್ನೂ ಬಂದಿಲ್ಲ. ನನಗೆ ಮುಖ್ಯ ಅನ್ಸೋ ಬಾಕಿ ಕೆಲಸ ಇದೇ.

ನೀಲಿಲಕೋಟೆ:
ಎಲ್ರಿಗೂ ತುಂಬಾ ಥ್ಯಾಂಕ್ಸ್, ಇಷ್ಟೆಲ್ಲಾ ಇದೆ ಅಂತ ಗೊತ್ತಿರಲಿಲ್ಲ. ಡಿಮಾರ್ಕ್ ವರದಿಗಳನ್ನ ತೆಗೆದು ನೋಡಿದೆ, ಝಿಪ್ ಆಗಿರೋ ಎಕ್ಸ್‌ಎಂಎಲ್ ಫೈಲ್‌ಗಳು, ಒಂದು ಸಣ್ಣ ಟೂಲ್ ಹಾಕಿದ್ಮೇಲೆ ಓದೋಕೆ ಬಂತು. ಎರಡು ವಿಷಯ ಸಿಕ್ತು. ಒಂದು, ನಮಗೆ ಸಂಬಂಧವೇ ಇಲ್ಲದ ಐಪಿಗಳಿಂದ ನಮ್ಮ ಹೆಸರಲ್ಲಿ ಮೇಲ್ ಹೋಗ್ತಿರೋದು ಸ್ಪಷ್ಟವಾಗಿ ಕಾಣ್ತಿದೆ. ಎರಡು, ರಸೀದಿ ಕಳಿಸೋಕೆ ನಾವು ಬಳಸೋ ಹೊರಗಿನ ಸರ್ವಿಸ್ ಇದೆಯಲ್ಲ, ಅದರ ಮೇಲ್‌ಗಳೂ ಫೇಲ್ ಆಗ್ತಿವೆ. ಎಸ್‌ಪಿಎಫ್ ಪಾಸ್ ಅಂತಿದೆ, ಡಿಕಿಮ್ ಪಾಸ್ ಅಂತಿದೆ, ಆದ್ರೂ ಡಿಮಾರ್ಕ್ ಫೇಲ್! ಈಗ 'ರಿಜೆಕ್ಟ್' ಹಾಕಿದ್ರೆ ನಮ್ಮ ರಸೀದಿಗಳೇ ಹೋಗಲ್ವಾ?

ದೂರುಪೆಟ್ಟಿಗೆ:
ಹೋಗಲ್ಲ ಸರ್, ಅದಕ್ಕೇ ವರದಿ ಮೊದಲು ಓದಬೇಕು ಅನ್ನೋದು. ಆ ಸರ್ವಿಸ್ ತನ್ನ ಸ್ವಂತ ಡೊಮೇನ್ ಹೆಸರಲ್ಲಿ ಸಹಿ ಹಾಕ್ತಿದೆ, ಅವರ ಮಟ್ಟಿಗೆ ಪಾಸ್, ಆದ್ರೆ 'ಫ್ರಂ' ಜಾಗದಲ್ಲಿರೋದು ನಿಮ್ಮ ಡೊಮೇನ್, ಎರಡೂ ಹೊಂದಲ್ಲ. ಅವರ ಸೆಟ್ಟಿಂಗ್ಸ್‌ನಲ್ಲಿ ಸ್ವಂತ ಡೊಮೇನಿನ ಡಿಕಿಮ್ ಅಂತ ಇರುತ್ತೆ, ಅವರು ಕೊಡೋ ರೆಕಾರ್ಡ್ ನಿಮ್ಮ ಡಿಎನ್‌ಎಸ್‌ಗೆ ಸೇರಿಸಿ. ಆಮೇಲೆ ಕೆಲವು ವಾರ ವರದಿ ನೋಡಿ, ನಿಮ್ಮದು ಅಂತ ಇರೋ ಎಲ್ಲಾ ಮೂಲಗಳೂ ಹೊಂದಿದ ಮೇಲೆ 'ಕ್ವಾರಂಟೈನ್' (ಫೇಲ್ ಆದ್ರೆ ಸ್ಪ್ಯಾಮ್ ಫೋಲ್ಡರಿಗೆ ಅಂತ) ಹಾಕಿ, ದೂರು ಬರದಿದ್ರೆ 'ರಿಜೆಕ್ಟ್'. ಎಸ್‌ಪಿಎಫ್‌ಗೆ ಸಿಕ್ಕಸಿಕ್ಕ ಸರ್ವಿಸ್ ಎಲ್ಲಾ ತುಂಬಬೇಡಿ, ಹತ್ತು ಡಿಎನ್‌ಎಸ್ ಹುಡುಕಾಟದ ಮಿತಿ ಇದೆ, ದಾಟಿದ್ರೆ ಇಡೀ ಎಸ್‌ಪಿಎಫ್ಪೇ ಎರರ್ ಆಗುತ್ತೆ.

ಒಂದು ವಿಷಯ ಸ್ಪಷ್ಟ ಇರಲಿ. ಇದರಿಂದ ನಿಲ್ಲೋದು ನಿಮ್ಮದೇ ಡೊಮೇನ್ ಹಾಕಿ ಬರೋ ನಕಲಿ ಮಾತ್ರ. ಒಂದಕ್ಷರ ಬದಲಿಸಿದ ಡೊಮೇನ್ ಕೊಂಡು ಅದಕ್ಕೆ ಡಿಮಾರ್ಕ್ ಸರಿಯಾಗಿ ಹಾಕಿ ಕಳಿಸಿದ್ರೆ ಅದು ಪಾಸೇ ಆಗುತ್ತೆ, ನಿಮ್ಮವರದ್ದೇ ಮೇಲ್‌ಬಾಕ್ಸ್ ಪಾಸ್‌ವರ್ಡ್ ಕದ್ದು ಕಳಿಸಿದ್ರೂ ಪಾಸೇ. ವ್ಯಾಪಾರದ ಮೇಲ್ ಹೆಸರಲ್ಲಿ ಆಗೋ ಮೋಸದಿಂದ 2023ರಲ್ಲಿ ಎಫ್‌ಬಿಐಗೆ ಬಂದ ದೂರುಗಳಲ್ಲೇ ನಷ್ಟ 290 ಕೋಟಿ ಡಾಲರ್, ಅದರಲ್ಲಿ ಇಂಥ ಕದ್ದ ಮೇಲ್‌ಬಾಕ್ಸಿನವು ಸೇರಿವೆ. ಎಲ್ಲಾ ಮೇಲ್‌ಬಾಕ್ಸಿಗೂ ಎರಡನೇ ಹಂತದ ಲಾಗಿನ್ ಹಾಕಿಸಿ. ಸದಸ್ಯರಿಗೆ ಬಾಕಿ ವಿಷಯ ಮೇಲ್‌ನಲ್ಲಿ ಬಂದ್ರೆ ಮೊದಲಿಂದ ಗೊತ್ತಿರೋ ನಂಬರಿಗೆ ಫೋನ್ ಮಾಡಿ ಕೇಳಿ ಅಂತ ಮುಂದಿನ ಪತ್ರದಲ್ಲಿ ಬರೀರಿ, ಆ ಹಿರಿಯರಿಗೆ ನೀವೇ ಫೋನ್ ಮಾಡಿ ಹೇಳಿದ್ರೆ ಇನ್ನೂ ಒಳ್ಳೇದು. ಅವರು ತಪ್ಪು ಮಾಡಿಲ್ಲ, ಅಡ್ರೆಸ್ ನಿಮ್ಮದೇ ಇತ್ತು.

ಗುಂಪುಪತ್ರ:
'ರಿಜೆಕ್ಟ್' ಹಾಕುವ ಮೊದಲು ನಿಮ್ಮ ಸಂಸ್ಥೆಯವರು ಆ ಅಡ್ರೆಸ್‌ನಿಂದ ಯಾವುದಾದ್ರೂ ಮೇಲಿಂಗ್ ಲಿಸ್ಟಿಗೆ ಬರೀತಾರಾ ಅಂತ ಕೇಳಿ ಆಯ್ತಾ, ಬರೆಯುದಾದ್ರೆ ಆ ಲಿಸ್ಟ್ ನೋಡಿಕೊಳ್ಳುವವರಿಗೆ ಒಂದು ಮಾತು ತಿಳಿಸಿ. 2014ರಲ್ಲಿ ನಮಗೆ ಯಾರೂ ಹೇಳಿರಲಿಲ್ಲ.

ನೀಲಿಲಕೋಟೆ:
ಖಂಡಿತ. ಇನ್ನೊಂದು, ನಮ್ಮ ಹಳೇ ಹೆಸರಿನ ಡೊಮೇನ್ ಒಂದು ಸುಮ್ನೆ ಬಿದ್ದಿದೆ, ಮೇಲ್ ಕಳಿಸಲ್ಲ, ಸೈಟೂ ಇಲ್ಲ. ಅದನ್ನ ಹಾಗೇ ಬಿಡಬಹುದಾ?

ಸಣ್ಣಸರ್ವರ್:
ಹಾಂಗ ಬಿಡಬ್ಯಾಡ್ರಿ, ಅಂಥವ ಮೊದಲು ಕಣ್ಣಿಗೆ ಬೀಳ್ತಾವ. ಮೇಲ್ ಕಳಸದ ಡೊಮೇನಿಗೆ ಎಸ್‌ಪಿಎಫ್‌ನ್ಯಾಗ 'ಮೈನಸ್ ಆಲ್' ಅಷ್ಟ ಇಡ್ರಿ, ಯಾರಿಗೂ ಪರವಾನಗಿ ಇಲ್ಲಂತ ಅದರ ಅರ್ಥ. ಡಿಮಾರ್ಕ್ ನೇರ 'ರಿಜೆಕ್ಟ್' ಹಾಕ್ರಿ, ಇಲ್ಲಿ ಕಾಯೋದು ಏನೂ ಇಲ್ಲ. ಡೊಮೇನಿಗೆ ಬರೋ ಮೇಲ್ ಯಾವ ಸರ್ವರಿಗೆ ಹೋಗಬೇಕಂತ ಹೇಳೋ ಎಂಎಕ್ಸ್ ರೆಕಾರ್ಡ್‌ನ್ಯಾಗ ಹೋಸ್ಟ್ ಹೆಸರಿನ ಜಾಗಕ್ಕ ಬರೀ ಒಂದು ಚುಕ್ಕಿ, ಪ್ರಯಾರಿಟಿ ಸೊನ್ನೆ, ಇದು 2015ರ ಆರ್‌ಎಫ್‌ಸಿ 7505 ಪ್ರಕಾರ ಈ ಡೊಮೇನ್ ಮೇಲ್ ತಗೊಳಂಗೂ ಇಲ್ಲ ಅಂತ ಹೇಳೋ ರೀತಿ. ಮತ್ತ ವರ್ಷಾ ವರ್ಷಾ ರಿನ್ಯೂ ಮಾಡ್ಸೋದು ಬಿಡಬ್ಯಾಡ್ರಿ. ಬಿಟ್ರ ಬ್ಯಾರೆಯವ್ರು ತಗೋತಾರ, ಆಮ್ಯಾಲ ನಿಮ್ಮ ಹಳೇ ಹೆಸರಿಂದ ಅವ್ರು ಕಳಸೋ ಮೇಲ್ ಎಲ್ಲಾ ಪರೀಕ್ಷಾನೂ ಪಾಸ್ ಮಾಡಿ ನಿಮ್ಮ ಸದಸ್ಯರ ಇನ್‌ಬಾಕ್ಸ್‌ಗೆ ಹೋಗ್ತೈತಿ. ರೆಕಾರ್ಡ್ ಬರೆಯಾಕ ತೊಡಕಾದ್ರ ಇಲ್ಲೇ ಕೇಳ್ರಿ, ನಾ ಬರಕೊಡ್ತೀನಿ.